ಕ್ಲಿಯೋಥನ ದನಿಯ ಮೇಲೆ

ದಕ್ಷಿಣ ಮೆಂಫಿಸ್ಸಿನಲ್ಲಿ ಆ ಕಾಲಕ್ಕೆ ಹಾಡು ಬರದವನನ್ನು ಹುಡುಕುವುದೇ ಕಷ್ಟವಾಗಿತ್ತು. ಹಾಡಿಸಬಲ್ಲವರು ಮಾತ್ರ ಅಪರೂಪ. ಓಜೆಲ್ಲ ಮೇಬ್ರಿ ಅಂಥವಳು. ಹೋಬರ್ಟ್ ಸ್ಟೈಲ್ಸ್ ಎಂಬಾತ ಮುಚ್ಚಿಹೋದ ಲಾಂಡ್ರಿಯೊಂದನ್ನು ಹಿಡಿದು ಹಾಡು ಮುದ್ರಿಸುವ ಸ್ಟುಡಿಯೋ ಮಾಡಿಕೊಂಡಿದ್ದ. ಅಲ್ಲಿ ಪಿಯಾನೋ ನುಡಿಸುವವಳು, ತುತ್ತೂರಿಯವರಿಗೆ ಅವರವರ ಪಾಲನ್ನು ಗುನುಗಿ ಕಲಿಸುವವಳು, ಡ್ರಮ್ಮಿನವನು ಓಟ ಕಿತ್ತರೆ ಕಣ್ಣಲ್ಲೇ ಲಗಾಮು ಹಾಕುವವಳು, ಎಲ್ಲ ಅವಳೇ. ಗ್ರಾಮಫೋನ್ ಪ್ಲೇಟಿನ ಮೇಲೆ ಮಾತ್ರ ಸ್ಟೈಲ್ಸನ ಹೆಸರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡ ಹಾಗೆ.

ಅಲ್ಲಿ ಅವಳು ಕಟ್ಟಿದ ಹಾಡುಗಳಲ್ಲಿ ಜೀವದಂತಿದ್ದದ್ದು ಒಂದೇ. ಅದನ್ನು ಹಾಡಿದವನು ಅವಳ ತಮ್ಮ ಕ್ಲಿಯೋಥ. ಐಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹುಡುಗ. ಬಾಯಿ ತೆರೆದರೆ ಕೋಣೆಯಲ್ಲಿದ್ದವರೆಲ್ಲ ಸುಮ್ಮನಾಗುತ್ತಿದ್ದರು. ಅವನು ಜೀವಮಾನದಲ್ಲಿ ಮೈಕಿನ ಮುಂದೆ ನಿಂತದ್ದು ಅದೊಂದೇ ಸಲ. ಆ ತಿಂಗಳೇ ಹೆಲೆನಾ ಊರಿನಿಂದ ವಾಪಸು ಬರುವಾಗ ಗೆಳೆಯನ ಕಾರು ಹಳ್ಳಕ್ಕೆ ಬಿತ್ತು. ಗೆಳೆಯ ಕುಂಟುತ್ತ ಎದ್ದು ಬಂದ, ಕ್ಲಿಯೋಥ ಬರಲಿಲ್ಲ.

ಅವ್ವ ವರ್ನಿಸ್ ಕಟ್ಟಾ ದೈವಭಕ್ತೆ. ದೇವರಿಗಲ್ಲದೆ ಹೆಣ್ಣಿಗಾಗಿ ಹಾಡುವ ಹಾಡನ್ನು ಮಗ ಬದುಕಿರುವ ತನಕ ಮನೆಯೊಳಗೆ ಬಿಟ್ಟುಕೊಂಡವಳಲ್ಲ. ಮಣ್ಣು ಮಾಡಿ ಬಂದ ದಿನ, ಚರ್ಚಿನ ಹೆಂಗಸರು ತಂದಿಟ್ಟ ಕರಿದ ಕೋಳಿಯನ್ನು ಮುಟ್ಟದೆ ಕೂತಿದ್ದವಳು, "ಅವನ್ ಹಾಡು ತಂದುಕೊಡೆ" ಎಂದಳು. ಓಜೆಲ್ಲ ಟೇಪಿನಿಂದ ಒಂದು ಪ್ಲೇಟು ಕೊರೆದು ಕೊಟ್ಟಳು. ಹಾಡು ಹೇಗೆ ಬಂದಿದೆಯೆಂದು ಕೇಳಿನೋಡಲು ಸ್ಟುಡಿಯೋದಲ್ಲಿ ಕೊರೆಯುವ ಪ್ಲೇಟು ಅದು. ಅಂಗಡಿಯಲ್ಲಿ ಸಿಗುವುದರಂತೆ ಗಟ್ಟಿಯಲ್ಲ, ಮೆತ್ತಗಿರುತ್ತದೆ; ಮುಳ್ಳು ಓಡಿದಷ್ಟೂ ಸವೆಯುತ್ತದೆ. ಕಸುಬಿನವರಿಗೆಲ್ಲ ಇದು ಎಷ್ಟು ಗೊತ್ತೆಂದರೆ ಯಾರೂ ಯಾರಿಗೂ ಹೇಳುವುದಿಲ್ಲ. ಓಜೆಲ್ಲಳೂ ಅವ್ವನಿಗೆ ಹೇಳಲಿಲ್ಲ. ಅದು ಹೇಳಬೇಕಾದ ಮಾತು ಎಂದೇ ಅವಳಿಗೆ ಹೊಳೆಯಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ಸ್ಟೈಲ್ಸ್ ಮಾತು ತೆಗೆದ.

"ಹಾಡು ಚಿನ್ನ ಕಣೆ ಓಜಿ. ಆದ್ರೆ ಸತ್ತೋನನ್ನ ಯಾವ ವೇದಿಕೆ ಹತ್ತಿಸ್ಲಿ ನಾನು? ರೇಡಿಯೋದವ್ರು ಹುಡುಗನ್ನ ಕರ್ಕೊಂಡ್ ಬಾ ಅಂದ್ರೆ ಗೋರಿ ತೋರಿಸ್ಲಾ?"

"ನಾಲಗೆ ಬಿಗಿ ಹಿಡ್ದು ಮಾತಾಡಿ, ಮಿಸ್ಟರ್ ಸ್ಟೈಲ್ಸ್."

"ನೀನೇ ಹಾಡು ಅಂತಿದೀನಿ. ಹಿಂದೆ ಕೂತು ಊರೋರನ್ನೆಲ್ಲ ಮೆರೆಸಿದ್ದು ಸಾಕಾಗ್ಲಿಲ್ವಾ? ಈ ಸಲ ಪ್ಲೇಟಿನ ಮೇಲೆ ನಿನ್ ಹೆಸರು. ಆಣೆ ಮಾಡ್ತೀನಿ."

ಆ ಟೇಪಿನಲ್ಲಿ ಮೂರು ಸಾಲುಗಳು. ಒಂದರಲ್ಲಿ ಡ್ರಮ್ಮು, ಗಿಟಾರು, ಪಿಯಾನೋ; ಇನ್ನೊಂದರಲ್ಲಿ ತುತ್ತೂರಿ; ಮೂರನೆಯದರಲ್ಲಿ ದನಿ. ಅವಳ ದನಿ ಕೂರಬೇಕಾದರೆ ಅವನ ದನಿ ಏಳಬೇಕು; ಅದೇ ಸಾಲಿನಲ್ಲಿ ಮತ್ತೆ ಹಾಡಿದರೆ ಹಳೆಯದು ಅಳಿಸಿಯೇ ಹೋಗುತ್ತದೆ. ವಾದ್ಯದವರನ್ನು ಮತ್ತೆ ಸೇರಿಸೋಣವೆಂದರೆ ಅರ್ಧ ಜನ ಚಿಕಾಗೋ ಸೇರಿಯಾಗಿತ್ತು.

"ಮೊದ್ಲು ಅವನದೊಂದು ನಕಲು ತೆಗೆದಿಡೋಣ" ಎಂದಳು.

"ಇನ್ನೊಂದು ಟೇಪ್ ಮಿಷನ್ನು ಕೆಟ್ಟು ಕೂತಿದ್ಯಲ್ಲ, ಯಾವುದರಲ್ಲಿ ತೆಗೀತೀಯ? ನಿಮ್ಮವ್ವನ ಹತ್ರ ಪ್ಲೇಟಿದೆ, ಆಮೇಲೆ ಅದರಿಂದ್ಲೇ ಇಳಿಸ್ಕೊ."

ಆ ಮಿಷನ್ನು ರಿಪೇರಿಯಾಗುವ ತನಕ ಕಾಯಬಹುದಿತ್ತು. ಕಾಯಲಿಲ್ಲ. ಅವಳಿಗೂ ಆಸೆಯಿತ್ತು; ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಬೇರೆಯವರ ಗಂಟಲಲ್ಲಿ ತನ್ನ ಹಾಡು ಕೇಳಿ ಕೇಳಿ ಬೇಸತ್ತವಳು. ಮೈಕಿನ ಮುಂದೆ ನಿಂತಳು. ಕಿವಿಯಲ್ಲಿ ವಾದ್ಯಗಳು ಬಂದವು, ತಮ್ಮನ ಜಾಗ ಖಾಲಿಯಿತ್ತು. ಗಾಜಿನಾಚೆ ಸ್ಟೈಲ್ಸನ ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು.

"ಒತ್ತಿ" ಎಂದಳು.

ಅಷ್ಟು ಚೆನ್ನಾಗಿ ಅವಳು ಹಿಂದೆ ಎಂದೂ ಹಾಡಿರಲಿಲ್ಲ. ಸ್ಟೈಲ್ಸನಂಥ ಸ್ಟೈಲ್ಸನೂ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ಮುಂದಿನ ಭಾನುವಾರ ಚರ್ಚು ಮುಗಿದ ಮೇಲೆ ಪ್ಲೇಟು ಇಸಿದುಕೊಳ್ಳಲು ಅವ್ವನ ಮನೆಗೆ ಹೋದಳು. ಜಗಲಿ ಹತ್ತುವಾಗ ಒಳಗಿನಿಂದ ಸೊರಸೊರ ಸದ್ದು ಬರುತ್ತಿತ್ತು. ಅವ್ವ ರೇಡಿಯೋ ಹಾಕಿ ಎಲ್ಲೋ ಹೋಗಿರಬೇಕು ಎಂದುಕೊಂಡಳು. ರೇಡಿಯೋ ಅಲ್ಲ. ಅವ್ವ ಕುರ್ಚಿಯಲ್ಲಿ ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ಪ್ಲೇಟು ತಿರುಗುತ್ತಿತ್ತು; ಬೂದಿ ಬಳಿದಂತೆ ಅದರ ಕಪ್ಪೆಲ್ಲ ಮಾಸಿತ್ತು.

"ಬಾ ಬಾ, ಕೂತ್ಕೊ. ನಿನ್ ತಮ್ಮ ಹಾಡ್ತಾ ಇದಾನೆ."

ಓಜೆಲ್ಲ ಕಿವಿಗೊಟ್ಟಳು. ದೂರದಲ್ಲೆಲ್ಲೋ ಡ್ರಮ್ಮು ಕುಟ್ಟಿದ ಹಾಗಿತ್ತು. ಉಳಿದದ್ದೆಲ್ಲ ಬಾಣಲೆಯ ಎಣ್ಣೆ ಚುರುಗುಟ್ಟುವ ಸದ್ದು. ದನಿ ಇರಲಿಲ್ಲ. ಬೇರೆ ಬೇರೆ ಗೆರೆಗಳಿಗೆ ಮುಳ್ಳು ಇಟ್ಟು ನೋಡಿದಳು, ಎಲ್ಲೂ ಇರಲಿಲ್ಲ.

"ಎಷ್ಟು ಸಲ ಹಾಕಿದ್ದೀಯವ್ವ ಇದನ್ನ?"

"ಲೆಕ್ಕ ಯಾರಿಟ್ಟರು? ಬೆಳಿಗ್ಗೆ ಎದ್ದ ಕೂಡ್ಲೆ. ಪಕ್ಕದ್ಮನೆ ಇಯುಲಾ ಬಂದಾಗ. ಇಸ್ತ್ರಿ ಹಾಕೋವಾಗಂತೂ ಮುಗಿದ ಹಾಗೇ ಮತ್ತೆ ಮತ್ತೆ. ಯಾಕೆ, ಇದ್ದಾಗ ಕೇಳ್ಲಿಲ್ಲ, ಈಗಾದ್ರೂ ಕೇಳ್ಬಾರ್ದಾ?"

"ನಿಂಗೆ ಅವನ ದನಿ ಕೇಳಿಸ್ತಿದ್ಯಾ?"

"ಕಿವುಡೀನೇನೆ ನಾನು? ಇಗೋ, ಈಗ 'ಬಾಗಿಲು ತೆಗಿ' ಅಂದ ನೋಡು." ಅವ್ವ ಸೊರಸೊರದೊಳಗೆ ಬೆರಳು ತೋರಿಸಿದಳು. "ಸ್ವಲ್ಪ ಗೀರು ಬಿದ್ದಿದೆ, ನಿಜ. ಟೇಪು ನಿನ್ ಹತ್ರ ಇದ್ಯಲ್ಲ, ಹೊಸದೊಂದು ಮಾಡ್ಕೊಂಡ್ ಬಾ."

"ಆಗ್ಲವ್ವ" ಎಂದಳು ಓಜೆಲ್ಲ.

ಸ್ಟುಡಿಯೋಗೆ ಬಂದು ಟೇಪಿನಲ್ಲಿ ಉಳಿದೆರಡು ವಾದ್ಯದ ಸಾಲುಗಳನ್ನು ಒಂದೊಂದಾಗಿ ಹಾಕಿ ಕೇಳಿದಳು. ಎಲ್ಲರೂ ಒಟ್ಟಿಗೆ ಕೂತು ಬಾರಿಸುವಾಗ ಹಾಡುಗಾರನ ದನಿ ಡ್ರಮ್ಮಿನ ಮೈಕಿಗೂ ತುಸು ಸೋರುವುದುಂಟು. ಒಂದು ಎಳೆ ಸಿಕ್ಕರೂ ಸಾಕಿತ್ತು. ಸಿಗಲಿಲ್ಲ. ದನಿ ಸೋರದಿರಲೆಂದು ಅವತ್ತು ಅವನ ಸುತ್ತ ದಪ್ಪ ಕೌದಿಗಳನ್ನು ಇಳಿಬಿಟ್ಟು ಗೋಡೆ ಕಟ್ಟಿದವಳು ಅವಳೇ. ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಮೆಂಫಿಸ್ಸಿನಲ್ಲೇ ಇರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಪ್ಲೇಟು ಅಂಗಡಿಗೆ ಬಂತು. ಸ್ಟೈಲ್ಸ್ ಮಾತು ಉಳಿಸಿಕೊಂಡಿದ್ದ. ಅದರ ಮೇಲೆ ಅವಳ ಹೆಸರಿತ್ತು. ಕ್ಷೌರದಂಗಡಿ, ಬಾರ್ಬೆಕ್ಯೂ ಅಂಗಡಿ, ನಿಂತ ಕಾರು, ಎಲ್ಲಿ ನೋಡಿದರೂ ಅದೇ ಹಾಡು. ಬೀದಿಯಲ್ಲಿ ಗುರುತಿಲ್ಲದವರು ಬಂದು ಅವಳ ಕೈ ಹಿಡಿದರು. ಅವಳು ನಗುತ್ತಿದ್ದಳು, ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅವ್ವನ ಮನೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಅವ್ವನೇ ಇಯುಲಾಳ ಕೈಲಿ ಹೇಳಿಕಳಿಸಿದಳು.

ಅವ್ವ ಯಾರದೋ ಮನೆಯ ಬಿಳಿ ಮೇಜುಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

"ನಿನ್ ಹಾಡು ರೇಡಿಯೋದಲ್ಲಿ ಬಂತು. ಚೆನ್ನಾಗಿ ಹಾಡಿದ್ದೀಯ. ಅದಿರ್ಲಿ, ಅವನ ಪ್ಲೇಟು ಎಲ್ಲಿ? ಈಗೀಗ ನಂಗೂ ಸರಿಯಾಗಿ ಕೇಳಿಸ್ತಿಲ್ಲ ಕಣೆ."

ಓಜೆಲ್ಲ ನಿಂತೇ ಇದ್ದಳು. ಸುಳ್ಳು ಹೇಳುವ ತ್ರಾಣವೂ ಉಳಿದಿರಲಿಲ್ಲ.

"ಪ್ಲೇಟು ಮಾಡೋಕೆ ಆಗಲ್ಲವ್ವ. ಅವನ ಮೇಲೇ ನಾನು ಹಾಡಿದೆ. ಅದೇ ಟೇಪು, ಅದೇ ಜಾಗ."

ಅವ್ವ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಳು ಓಜೆಲ್ಲ. ಹೊಡೆದಿದ್ದರೆ ಒಳ್ಳೆಯದಿತ್ತು. ಆದರೆ ಅವ್ವನ ಮುಖ ಅರಳಿತು.

"ಅಯ್ಯೋ, ಅಷ್ಟೇನಾ? ನಾನೆಲ್ಲೋ ಟೇಪೇ ಸುಟ್ಟೋಯ್ತು ಅನ್ಕೊಂಡೆ. ಹಾಗಾದ್ರೆ ಅವನು ನಿನ್ ಅಡೀಲೇ ಇದಾನೆ. ನಿನ್ನದನ್ನ ಅಳಿಸಿಹಾಕು, ಸಿಗ್ತಾನೆ."

"ಅವ್ವಾ, ಟೇಪು ಹಂಗಲ್ಲ..."

"ಹೆಸರು ಬಂತು, ಬಿಡೋಕೆ ಮನಸ್ಸಾಗ್ತಿಲ್ಲ, ಗೊತ್ತು ಕಣೆ" ಎಂದಳು ಅವ್ವ, ಮಗಳ ಕೆನ್ನೆ ಸವರುತ್ತ. ಅಂಗೈ ಇನ್ನೂ ಬಿಸಿಯಾಗಿತ್ತು. "ಆದ್ರೂ ಅಳಿಸು ಮಗಳೇ. ನೀನು ಬೇಕಾದ್ರೆ ಇನ್ನೊಂದ್ಸಲ ಹಾಡ್ಬಹುದು. ನೀನು ಬದುಕಿದ್ದೀಯಲ್ಲ."