ಹೇಸರಗತ್ತೆ ಏರಿದ ಬಿಷಪ್

"ಆಗ ಆ ಹೇಸರಗತ್ತೆ ಏನಂತು ಗೊತ್ತಾ?" ಎಂದು ಸುಹಾಸಿನಿ ಹರಿಕಥೆಯ ಚಿಟಿಕೆ ಬಾರಿಸಿ ಕತ್ತು ಕೊಂಕಿಸಿ ನಿಂತರು. ಇಟಾಸ್ಕಾ ಎಂಬ ಪರದೇಶದ ಊರಿನ ಆ ಚರ್ಚ್ ಹಾಲಿನಲ್ಲಿ ಒಬ್ಬರೂ ನಗಲಿಲ್ಲ. ಪಕ್ಕದಲ್ಲಿ ಮೈಕ್ ಹಿಡಿದಿದ್ದ ಮೊಮ್ಮಗಳು ತನ್ಮಯಿ ಪಾಠ ಒಪ್ಪಿಸುವ ಹಾಗೆ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಆಗಲೂ ನಗಲಿಲ್ಲ. ಮುಂದಿನ ಸಾಲಿನ ಫಾದರ್ ಕೆವಿನ್ ಮಾತ್ರ, ಪಾಪ, ಮರ್ಯಾದೆಗೆ ಮುಗುಳ್ನಕ್ಕರು.

ಅಯ್ಯೋ ದೇವರೇ! ಮೈಸೂರಿನ ರಾಮೋತ್ಸವದ ಪೆಂಡಾಲುಗಳಲ್ಲಿ ಎಂಥೆಂಥ ಜನರನ್ನು ನಗಿಸಿ ಅಳಿಸಿ ಕಳಿಸಿದ ಹೆಂಗಸು ಇವರು!

ಶನಿವಾರದ ಕನ್ನಡ ತರಗತಿಗೆ ಹಾಲ್ ಬಿಟ್ಟುಕೊಡುವ ಚರ್ಚು ಇದು. ವರ್ಷದ ಹಬ್ಬಕ್ಕೆ ನಿಮ್ಮವರದೂ ಏನಾದರೂ ಇರಲಿ ಎಂದು ಫಾದರ್ ಕರೆದಾಗ, ಚರ್ಚು ಯಾರ ಹೆಸರಿನಲ್ಲಿದೆಯೋ ಆ ಬಿಷಪ್ ಔರೇಲಿಯೊ ಅವರದೇ ಹರಿಕಥೆ ಮಾಡುತ್ತೇನೆಂದು ಸುಹಾಸಿನಿ ಒಪ್ಪಿಕೊಂಡುಬಿಟ್ಟಿದ್ದರು. ಕನ್ನಡ ಸಂಘದ ಅಧ್ಯಕ್ಷ ಬದರೀನಾಥ ಬೆವೆತುಹೋಗಿದ್ದ. "ಆಂಟಿ, ಮಕ್ಕಳ ಡ್ಯಾನ್ಸ್ ಇಡೋಣ, ಸೇಫು. ಅವರ ಬಿಷಪ್ಪರನ್ನ ಹಿಡ್ಕೊಂಡು ಏನಾದ್ರೂ ಎಡವಟ್ಟಾದ್ರೆ ಹಾಲ್ ಕೈಬಿಟ್ಟು ಹೋಗುತ್ತೆ."

"ಎಡವಟ್ಟು ಯಾಕಾಗುತ್ತಪ್ಪ? ನಾನಿಲ್ವೇ?" ಎಂದಿದ್ದರು ಸುಹಾಸಿನಿ. ಮಗನ ಮನೆಗೆ ಬಂದ ಮೇಲೆ ಚಿಟಿಕೆ ಕೈಗೆತ್ತಿಕೊಂಡದ್ದು ಇದೇ ಮೊದಲು. ಇಲ್ಲಿಯೂ ಜನ ಕೇಳದಿದ್ದರೆ ಅದನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿಯುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದರು.

ಕಥೆಗೇನೂ ಕೊರತೆ ಇರಲಿಲ್ಲ. ಔರೇಲಿಯೊ ನಾನೂರು ವರ್ಷದ ಹಿಂದಿನವರು. ರೋಮಿನ ದೊಡ್ಡ ಮನೆತನ, ಕಾನೂನು ಓದಿದ ತಲೆ. ಅವರನ್ನು ಕಲ್ಲುಬೆಟ್ಟದ ಸೀಮೆಯೊಂದಕ್ಕೆ ಬಿಷಪ್ ಮಾಡಿದರು. ಅಲ್ಲಿನ ಹಿಂದಿನ ಬಿಷಪ್ಪರೆಲ್ಲ ರೋಮಿನಲ್ಲೇ ಕೂತು ಪದವಿ ಅನುಭವಿಸಿದ್ದರು. ಇವರೋ ಹೇಸರಗತ್ತೆ ಏರಿ ಹೊರಟೇಬಿಟ್ಟರು. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ವಾರೆನ್ನಿನಿಂದ ಡ್ರೈವ್ ಮಾಡಿಕೊಂಡು ಬಂದಿದ್ದ ಮೃದಂಗದ ವಿಷ್ಣು ತಲೆ ತಗ್ಗಿಸಿ ಕೂತಿದ್ದ.

ಸುಹಾಸಿನಿ ಮೈಕಿನಿಂದ ದೂರ ಸರಿದು ಮೊಮ್ಮಗಳ ಕಿವಿಗೆ ಬಗ್ಗಿದರು. "ಸಾಕು ಕಣೇ, ಟ್ರಾನ್ಸ್‌ಲೇಟ್ ಮಾಡ್ಬೇಡ. ನೀನೇ ಹೇಸರಗತ್ತೆ ಆಗು."

"ವಾಟ್? ಅಜ್ಜಿ, ನೋ!"

"ಹಾಂ, ಅದೇ! ದಿನಾ ಮನೇಲಿ ಆಡಲ್ವಾ ನಾವಿಬ್ರೂ, ಹಂಗೇ ಆಡೋಣ. ನಾನು ಕನ್ನಡದಲ್ಲಿ ಬಯ್ತೀನಿ, ನೀನು ಇಂಗ್ಲಿಷಲ್ಲಿ ಎದುರುತ್ತರ ಕೊಡು."

ತನ್ಮಯಿ ಉತ್ತರಿಸುವ ಮೊದಲೇ ಸುಹಾಸಿನಿ ಬಿಷಪ್ಪರಾಗಿ ಸೆರಗು ಕೊಡವಿ ಗುಡುಗಿದರು. "ಏಳೇ ಸೋಮಾರಿ! ಬೆಳಕು ಹರೀತು. ಇನ್ನೂ ಮೂರು ಬೆಟ್ಟ ಹತ್ಬೇಕು!"

"ಫೈವ್ ಮೋರ್ ಮಿನಿಟ್ಸ್, ಬಿಷಪ್!"

ಹಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ವಿಷ್ಣು ತಟ್ಟನೆ ಮೃದಂಗಕ್ಕೆ ಏಟು ಕೊಟ್ಟ.

"ಹಳೇ ಬಿಷಪ್ ಹತ್ತಲಿಲ್ಲ ಅಂತ ನಾನೂ ಹತ್ತಬಾರದೇನೇ?"

"ದಿ ಲಾಸ್ಟ್ ಬಿಷಪ್ ವರ್ಕ್ಡ್ ಫ್ರಮ್ ಹೋಮ್!"

ಫಾದರ್ ಕೆವಿನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಿಡಿಯುವವರು ಯಾರು? ಅಜ್ಜಿ ಗದರುವುದು, ಮೊಮ್ಮಗಳು ಗೊಣಗುವುದು, ಬೆಟ್ಟದ ಮೇಲೆ ಬೆಟ್ಟ. ಪ್ಲೇಗ್ ಬಂದ ಊರಿನಲ್ಲಿ ಬಿಷಪ್ಪರು ತಮ್ಮ ಬೆಳ್ಳಿಯನ್ನೆಲ್ಲ ಮಾರಿ ರೋಗಿಗಳಿಗೆ ಗಂಜಿ ಕಾಯಿಸಿದ್ದನ್ನು ಸುಹಾಸಿನಿ ಮುಖಾರಿ ರಾಗದಲ್ಲಿ ಹಾಡಿದಾಗ ತನ್ಮಯಿ ಮೆಲ್ಲಗೆ ಅವರ ಹೆಗಲಿಗೆ ತಲೆಯೊತ್ತಿದಳು. ಹೇಸರಗತ್ತೆಗೂ ಕರುಳಿದೆಯೆಂದು ಯಾರೂ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಗಲಿಲ್ಲ.

ಕೊನೆಯ ಹಳ್ಳಿಯಲ್ಲಿ ಎಲ್ಲ ಬಾಗಿಲೂ ಮುಚ್ಚಿದ್ದವು. ಬಿಷಪ್ಪರು ಲ್ಯಾಟಿನ್ನಿನಲ್ಲಿ ಕರೆದರು, ಒಂದೂ ತೆರೆಯಲಿಲ್ಲ. ಬಾಯಾರಿ ಬಾವಿಕಟ್ಟೆಯ ಮೇಲೆ ಕುಸಿದರು. ಕೊಡ ಹೊತ್ತ ಮುದುಕಿಯೊಬ್ಬಳು ಬಂದಳು. ಇಷ್ಟು ಓದಿದ ತನಗೆ ಅವಳನ್ನು ಕೇಳಲು ಅವಳ ನುಡಿಯ ಒಂದು ಮಾತೂ ಇಲ್ಲವಲ್ಲ ಎಂದು ಬಿಷಪ್ಪರಿಗೆ ಆಗ ಹೊಳೆಯಿತು. ಸುಹಾಸಿನಿ ಈಗ ಮೊಮ್ಮಗಳನ್ನೇ ಆ ಮುದುಕಿಯಾಗಿಸಿ, ಅವಳ ಮುಂದೆ ಮಂಡಿಯೂರಿ, ಇಲ್ಲದ ಕೊಡದೊಳಕ್ಕೆ ಬೆರಳು ತೋರಿದರು.

"ಇದಕ್ಕೆ ನಿಮ್ಮ ಮಾತಲ್ಲಿ ಏನಂತೀರಿ, ತಾಯಿ?"

ಇದನ್ನು ಅವರು ಮೊದಲೇ ಹೇಳಿಕೊಟ್ಟಿರಲಿಲ್ಲ. ಮಾತು ಕಲಿತಾಗಿನಿಂದ ಅಜ್ಜಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ ಒಂದು ಕ್ಷಣ ಮೈಕನ್ನೇ ನೋಡಿದಳು. ಆಮೇಲೆ ಮೈಕ್ ಕೆಳಗಿಳಿಸಿದಳು.

"ನೀರು," ಎಂದಳು.

ಸುಹಾಸಿನಿಗೆ ಸಂತೋಷಕ್ಕೆ ಅಳುವೇ ಬಂದಿತ್ತು. ಸಾವರಿಸಿಕೊಂಡು, ತೊದಲುವ ಮಗುವಿನ ಹಾಗೆ "ನೀ... ರು" ಎಂದು ಸಭೆಯತ್ತ ಕೈಚಾಚಿದರು.

"ನೀರು!" ಎಂದಿತು ಇಡೀ ಸಭೆ.

ಒಂದೊಂದೇ ಬಾಗಿಲು ತೆರೆಯಿತು. ಹಾಗೆ ಬಾಗಿಲು ತೆರೆದಾಗಲೆಲ್ಲ ಸಭೆ ಕೂಗಿತು. ಮಂಗಳ ಹಾಡುವಷ್ಟರಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಬದರೀನಾಥ ಕುರ್ಚಿ ಹತ್ತಿ ಶಿಳ್ಳೆ ಹೊಡೆಯುತ್ತಿದ್ದ. ಫಾದರ್ ಬಂದು, ಬರುವ ವರ್ಷ ಇನ್ನೂ ಉದ್ದದ ಕಥೆ ಬೇಕೆಂದು ಎರಡೂ ಕೈ ಹಿಡಿದುಕೊಂಡರು.

ಸುಹಾಸಿನಿ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಾಗ, ಹಿಂದಿನ ಸಾಲಿನಿಂದ ಬೆಳ್ಳಗೆ ಕೂದಲು ನರೆತ ಬಿಳಿಯ ಮುದುಕಿಯೊಬ್ಬಳು ಊರುಗೋಲು ಊರುತ್ತ ಬಂದಳು. ಇನ್ನೊಂದು ಕೈಯಲ್ಲಿ ತುಳುಕುವ ಕಾಗದದ ಲೋಟ.

"ನೀರು," ಎಂದಳು.

ಸುಹಾಸಿನಿ ಚಿಟಿಕೆಯನ್ನು ಎಡಗೈಗೆ ಬದಲಾಯಿಸಿಕೊಂಡು ಲೋಟ ತೆಗೆದುಕೊಂಡರು.