ಓದದೆ ಬಿಟ್ಟ ಸುದ್ದಿ

ನೋರಾ ಐರ್ಲೆಂಡಿನವಳು. ನರ್ಸುಗಳಿಗೆ ಪಾಠ ಹೇಳಲೆಂದು ಹರೆಯದಲ್ಲಿ ಈ ಕಡೆ ಬಂದವಳು, ಸುರಪುರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ವಿಶ್ವಾರಾಧ್ಯನನ್ನು ಮದುವೆಯಾಗಿ ಇಲ್ಲೇ ನಿಂತುಬಿಟ್ಟಳು. ಅವಳಿಗೆ ಕನ್ನಡ ಅಕ್ಷರ ಕಲಿಸಿದವನೂ ಅವನೇ, ದಿನಪತ್ರಿಕೆಯ ದಪ್ಪ ತಲೆಬರಹಗಳ ಮೇಲೆ ಬೆರಳಿಡಿಸಿ. ಅವನು ತೀರಿಕೊಂಡಾಗ ಊರಿಗೆ ವಾಪಸ್ಸು ಬಾ ಎಂದು ಅವಳ ತಮ್ಮ ಫೋನು ಮಾಡಿ ಗೋಗರೆದ. ಅವಳು ಹೋಗಲಿಲ್ಲ. ಯಾಕೆಂದು ಕೇಳಿದವರಿಗೆ, "ಇಲ್ಲಿನ ಬಿಸಿಲು ರೂಢಿ ಆಗ್ಯದರಿ" ಎನ್ನುತ್ತಿದ್ದಳು. ನಿಜವಾದ ಕಾರಣ ಪಕ್ಕದ ಮನೆಯ ಗೌಹರಬೇಗಂ.

ಗೌಹರಬೇಗಂ ಹಳೆ ಬಟ್ಟೆ ಕೂಡಿಸಿ ಕೌದಿ ಹೊಲಿಯುವವಳು. ಬೆಳಿಗ್ಗೆ ಎರಡು ಕಪ್ ಚಹಾ ಹಿಡಿದು ನೋರಾಳ ಕಟ್ಟೆಗೆ ಬಂದು ಕೂತಳೆಂದರೆ, "ಓದು ನೂರಾ, ದುನಿಯಾ ಏನನ್ನಾಕತ್ತದ?" ಎಂದು ಶುರು ಮಾಡುವಳು. ನೋರಾ ಅವಳ ಬಾಯಲ್ಲಿ ಮೊದಲ ದಿನವೇ ನೂರಾ ಆಗಿದ್ದಳು; ಅವಳು ನೋರಾಳಿಗೆ ಆಪಾ, ಅಂದರೆ ಅಕ್ಕ. ಓದು ಬರೆಹ ಬಾರದಿದ್ದರೂ ಗೌಹರಬೇಗಂಗೆ ಸುದ್ದಿಯ ಹಸಿವು ದೊಡ್ಡದು. ನಾರಾಯಣಪುರದಿಂದ ಕಾಲುವೆಗೆ ನೀರು ಬಿಟ್ಟದ್ದು, ಯಾದಗಿರಿಯಲ್ಲಿ ಹತ್ತಿಯ ಧಾರಣೆ ಇಳಿದದ್ದು, ದಿಲ್ಲಿಯ ಮಂತ್ರಿಗಳ ಜಗಳ, ಎಲ್ಲದಕ್ಕೂ ಅವಳದೊಂದು ಮಾತು ಇದ್ದೇ ಇರುತ್ತಿತ್ತು.

ಆದರೆ ನೋರಾ ಎಲ್ಲವನ್ನೂ ಓದುತ್ತಿರಲಿಲ್ಲ. ಎಲ್ಲೋ ದೂರದ ಊರಲ್ಲಿ ದೇವರ ಹೆಸರಿನಲ್ಲಿ ಹೊಡೆದಾಡಿದ ಸುದ್ದಿ ಬಂದರೆ ಅವಳ ಕಣ್ಣು ತಾನಾಗಿ ಕೆಳಗಿನ ಸಾಲಿಗೆ ಜಾರುತ್ತಿತ್ತು. ಸೊಸೆಯನ್ನು ಸುಟ್ಟ ಸುದ್ದಿಯನ್ನೂ ಹಾಗೇ ದಾಟುತ್ತಿದ್ದಳು. ಹೊರಗಿನಿಂದ ಬಂದ ತಾನು ಈ ಮನೆಯ ಗಾಯವನ್ನು ಈ ಮನೆಯವರಿಗೇ ಬೆರಳಿಟ್ಟು ತೋರಿಸುವುದು ಹೇಗೆ ಎಂಬ ಸಂಕೋಚ. ಪೇಪರಿನೊಳಗಿನ ದೇಶ ಒಂದು ನಮೂನೆ, ಓಣಿಯೊಳಗಿನ ದೇಶ ಇನ್ನೊಂದು ನಮೂನೆ. ತಾನು ಓಣಿಯ ಪರವಾಗಿದ್ದೇನೆ ಅಂದುಕೊಂಡಿದ್ದಳು. ಗೌಹರಬೇಗಂ ಟೀವಿಯಲ್ಲಿ ಅದನ್ನೆಲ್ಲ ನೋಡಿಯೇ ಬಂದಿರುತ್ತಿದ್ದಳು. ಆದರೂ ಅದನ್ನೇಕೆ ಬಿಟ್ಟೆ ಎಂದು ಕೇಳುತ್ತಿರಲಿಲ್ಲ. ಹೀಗೆ ಬಿಡುವುದು ನೋರಾಳಿಗೆ ಚಟವಾಯಿತು.

ಹೋದ ಚಳಿಗಾಲದಲ್ಲಿ ಗೌಹರಬೇಗಂ ನೋರಾಳ ಜೊತೆ ಯಾದಗಿರಿಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದಳು. ಆ ಗದ್ದಲದಲ್ಲಿ ಅವಳ ಫೋನು ಎಲ್ಲೋ ಕಳೆದುಹೋಯಿತು. ಕಣ್ಣಿಗೆ ಧೂಳು ತಾಗಬಾರದು, ಅಳಬಾರದು, ಬಸ್ಸು ಹತ್ತಬಾರದು ಎಂದು ಡಾಕ್ಟರು ನೋರಾಳಿಗೇ ಹೇಳಿ ಕಳಿಸಿದ್ದರು. ಕರಿ ಕನ್ನಡಕ ಹಾಕಿಕೊಂಡು ಕಟ್ಟೆಯ ಮೇಲೆ ಕೂತ ಅವಳಿಗೆ ಪೇಪರು ಓದುತ್ತಿದ್ದ ಒಂದು ಬೆಳಿಗ್ಗೆ, ಒಳಪುಟದ ಮೂಲೆಯಲ್ಲಿ ಸಣ್ಣದೊಂದು ಫೋಟೋ ನೋರಾಳ ಕಣ್ಣಿಗೆ ಬಿತ್ತು. ಕೆಂಭಾವಿಯ ಮೌನಮ್ಮ ನಿಧನ. ಅಂತ್ಯಕ್ರಿಯೆ ಅವತ್ತೇ ಸಂಜೆ, ಅವರ ಹೊಲದಲ್ಲಿ.

ಮೌನಮ್ಮ ಯಾರೆಂದು ನೋರಾಳಿಗೆ ಚೆನ್ನಾಗಿ ಗೊತ್ತಿತ್ತು. ಗೌಹರಬೇಗಂ ಹುಟ್ಟಿದ್ದು ಕೆಂಭಾವಿಯಲ್ಲಿ. ಅವಳನ್ನು ಹೆತ್ತ ತಾಯಿ ಬಾಣಂತನದಲ್ಲೇ ಹೋದಾಗ ಗೋಡೆಯಾಚೆಯ ಲಿಂಗಾಯತರ ಮನೆಯಾಕೆ ತನ್ನ ಮಗಳು ಮೌನಮ್ಮನ ಜೊತೆ ಇವಳಿಗೂ ಹಾಲು ಕುಡಿಸಿದ್ದಳು.

ನೋರಾ ಹುಟ್ಟಿದ ಊರಲ್ಲಿ ಮುಂಜಾನೆ ರೇಡಿಯೋದವರು ತೀರಿಹೋದವರ ಹೆಸರು ಓದುತ್ತಿದ್ದರು. ಆಗ ಅವಳ ತಾಯಿ ಕೈಯೆತ್ತಿ ಇಡೀ ಮನೆಯನ್ನು ಸುಮ್ಮನಾಗಿಸುತ್ತಿದ್ದಳು. ಒಂದು ಹೆಸರೂ ತಪ್ಪಬಾರದು. ತಪ್ಪಿದರೆ ಹೋಗಬೇಕಾದ ಮನೆಗೆ ಹೋಗುವುದು ತಪ್ಪೀತು. ಇದೆಲ್ಲ ಆ ಗಳಿಗೆಯಲ್ಲಿ ಅವಳಿಗೆ ನೆನಪಾಗಲಿಲ್ಲ. ನೆನಪಾದದ್ದು ಡಾಕ್ಟರ ಮಾತು. ಕಣ್ಣು ಮಾಯಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡು ಹಾಳೆ ತಿರುವಿದಳು.

"ಮುಗೀತೇನು?"

"ಮುಗೀತು ಆಪಾ. ಇವತ್ತ ಏನಿಲ್ಲ."

ಕಣ್ಣು ಮಾಯಿತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ನೋರಾ ಮುಂದೂಡುತ್ತಿದ್ದಾಗ, ಕೌದಿ ಒಯ್ಯಲು ಕೆಂಭಾವಿಯ ಬಟ್ಟೆ ಅಂಗಡಿಯ ಭೀಮಾಶಂಕರ ಬಂದ. ಕಟ್ಟೆಯಲ್ಲಿ ನಿಂತೇ ಕೇಳಿದ: "ಯಾಕ ಆಪಾ, ಮೌನಮ್ಮನ ಮಣ್ಣಿಗಿ ಬರಲಿಲ್ಲಲ್ಲ? ಎಲ್ಲಾರೂ ನಿನ್ನೇ ಕೇಳಿದ್ರು. ಪೇಪರಿನಾಗ ಬಂದಿತ್ತಲ್ಲ."

ಗೌಹರಬೇಗಂ ನೋರಾಳ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನು?"

"ಗೊತ್ತಿತ್ತು," ಎಂದಳು ನೋರಾ. "ನಿನ್ನ ಕಣ್ಣಿಗಿ ತ್ರಾಸ ಆಗತದ ಅಂತ..."

"ಕಣ್ಣು ನನ್ನದಿತ್ತು," ಎಂದಷ್ಟೇ ಹೇಳಿ ಗೌಹರಬೇಗಂ ಎದ್ದು ಮನೆಯೊಳಗೆ ಹೋದಳು.

ಮರುದಿನ ಇಬ್ಬರೂ ಕೆಂಭಾವಿಯ ಬಸ್ಸು ಹತ್ತಿದರು. ಬರುತ್ತೇನೆಂದು ನೋರಾಳೇ ಹಿಂದೆ ಬಿದ್ದಳು; ಗೌಹರಬೇಗಂ ಬೇಡ ಎನ್ನಲಿಲ್ಲ. ಮೌನಮ್ಮನ ಮಗಳು ಬಸವೇಶ್ವರಿ ಬಾಗಿಲಲ್ಲೇ ಗೌಹರಬೇಗಂಳನ್ನು ತಬ್ಬಿಕೊಂಡು ಅತ್ತಳು. ಒಳಗೆ ಕೂರಿಸಿ ನೀರು ಕೊಟ್ಟು ಹೇಳಿದಳು: "ಕಡೀ ತನಕ ಅವ್ವ ನಿನ್ನ ಹೆಸರೇ ಹಿಡದಿದ್ದಳು ಚಿಗವ್ವ. ನಿನ್ನ ಫೋನ್ ಹತ್ತಲಿಲ್ಲ. ಮನಿಯಾಗ ಗಂಡಸರಿಲ್ಲ, ಸುರಪುರಕ್ಕ ಯಾರನ್ನ ಕಳಸಲಿ? ಮೇಡಮ್ಮಾರು ದಿನಾ ನಿನಗ ಪೇಪರ್ ಓದತಾರ ಅಂತ ನೀನೇ ಹೇಳತಿದ್ದೆಲ್ಲ. ಅದಕ್ಕ ಪೇಪರಿನಾಗ ಹಾಕಿಸಿದೆ. ನಿನಗ ಮುಟ್ಟಲಿ ಅಂತನೇ. ಸಂಜಿ ಹೊತ್ತು ಮುಳಗೂ ತನಕ ದಾರಿ ನೋಡಿದ್ವಿ."

ತಪ್ಪು ನನ್ನದು ಎನ್ನಲು ನೋರಾ ಬಾಯಿ ತೆರೆದಳು. ಅಷ್ಟರಲ್ಲಿ ಗೌಹರಬೇಗಂ ಅವಳ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು.

"ಆ ದಿವಸ ನಮ್ಮ ಓಣಿಗಿ ಪೇಪರ್ ಬರಲಿಲ್ಲವ್ವ," ಎಂದಳು.

ಹೊಲದಲ್ಲಿ ಸಮಾಧಿಯ ಮಣ್ಣು ಆಗಲೇ ಗಟ್ಟಿಯಾಗಿತ್ತು. ಗೌಹರಬೇಗಂ ಕೂತು ಪಕ್ಕದ ಸಾಲಿನಿಂದ ಒಂದು ಹಿಡಿ ಮಣ್ಣು ಬಗೆದು ಅದರ ಮೇಲೆ ಹಾಕಿದಳು. ಅಳಲಿಲ್ಲ. ನೋರಾ ತುಸು ದೂರದಲ್ಲಿ, ಹತ್ತಿಯ ಗಿಡಗಳ ನಡುವೆ ನಿಂತಿದ್ದಳು. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ತಾನು ಈ ಊರಿನವಳಲ್ಲ ಎನಿಸಿತು. ಯಾರೂ ಹಾಗೆ ಅಂದಿರಲಿಲ್ಲ, ತಾನೇ ಮಾಡಿಕೊಂಡದ್ದು.

ಬಸ್ಸಿನಲ್ಲಿ ಅವಳು ಮೆಲ್ಲಗೆ ಕೇಳಿದಳು: "ಅಲ್ಲಿ ಯಾಕ ಸುಳ್ಳ ಹೇಳಿದಿ ಆಪಾ?"

"ಖರೇ ಹೇಳಿದ್ರ ಆ ಹುಡಿಗಿಗಿ ಸಮಾಧಾನ ಆಗತಿತ್ತೇನು?" ಗೌಹರಬೇಗಂ ಕಿಟಕಿಯ ಕಡೆ ಮುಖ ಮಾಡಿದಳು. "ಎಲ್ಲಾರ ಕೂಡ ಕುಂತು ಅಳೂದಕ್ಕೂ ಒಂದು ದಿವಸ ಇರತದ ನೂರಾ. ಅದು ಹೋತು" ಎಂದಳು.

ಅವಳು ಮಾತು ಬಿಡಲಿಲ್ಲ, ಮನೆಗೆ ಬರುವುದನ್ನೂ ಬಿಡಲಿಲ್ಲ. ಈಗಲೂ ಬೆಳಿಗ್ಗೆ ಚಹಾ ತರುತ್ತಾಳೆ. ಪೇಪರು ಮಡಚಿದ ಹಾಗೇ ಇಬ್ಬರ ನಡುವೆ ಬಿದ್ದಿರುತ್ತದೆ. ಮೊನ್ನೆ ನೋರಾ ಧೈರ್ಯ ಮಾಡಿ, "ಓದ್ಲೇನು ಆಪಾ? ಎಲ್ಲಾ ಓದತೀನಿ" ಎಂದಳು.

"ಇರಲಿ ಬಿಡು," ಎಂದು ಗೌಹರಬೇಗಂ ಸೂಜಿ ಮುಂದೆ ಹಿಡಿದಳು. "ಇದಕ್ಕ ದಾರ ಪೋಣಿಸಿ ಕೊಡು."

ನೋರಾ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡಳು.