ಎಡಕ್ಕೆ ಹೊರಳುವ ಕೊರಳು

"ಏ ಮುದುಕಿ, ಕುತಗಿ ಯಾಕ ಹಂಗ ಹೊಳ್ಳಸಾಕತ್ತಿ ಬೇ? ರೋಗ ಬಡದ್ ಕೋಳಿಗತೆ! ಸಾಯೋ ವಯಸ್ಸಿನ್ಯಾಗ ನಾಟಕದ ಹುಚ್ಚು ನೋಡ್ ಈ ರಂಡಿಗಿ!"

ಕರಜಗಿ ಊರಿನ ಸಭಾಭವನದ ಬಾಗಿಲಲ್ಲಿ ನಿಂತು ಮಹೇಶಕುಮಾರ ಹೀಗೆ ಕೂಗಿದಾಗ, ಗುರಮ್ಮ ಕೈಯಲ್ಲಿಲ್ಲದ ಕೊಯ್ತಾದಿಂದ ಎದುರಿಗಿಲ್ಲದ ಕಬ್ಬನ್ನು ಕಡಿಯುತ್ತಿದ್ದಳು. ಎಡಗೈಯಿಂದ ಜಲ್ಲೆ ಹಿಡಿದು ಬಾಗುವುದು, ಬುಡಕ್ಕೆ ಒಂದೇಟು, ತುದಿಗೆ ಒಂದೇಟು, ಹಿಂದಕ್ಕೆ ಎಸೆತ. ನಡುನಡುವೆ ಅವಳ ಕೊರಳು ಎಡಕ್ಕೆ ಹೊರಳಿ, ಕ್ಷಣಕಾಲ ನಿಂತು, ಮರಳುತ್ತಿತ್ತು. ಊರು ಅದನ್ನು ಮುಪ್ಪಿನ ನಡುಕವೆಂದೇ ತಿಳಿದಿತ್ತು. ಶಾಲೆಯ ಮಕ್ಕಳು ಅವಳ ಬೆನ್ನ ಹಿಂದೆ ಕೊರಳು ಹೊರಳಿಸುತ್ತ ನಡೆದು ನಗುತ್ತಿದ್ದರು.

ಭವನ ಮಹೇಶಕುಮಾರನ ತಂದೆ ಮಲ್ಲಣ್ಣಗೌಡರದು. ದುಡಿದು ಹಣ್ಣಾದ ಕೂಲಿಯವರಿಗೆ ನಾಟಕ ಕಲಿಸುವ ಸಂಸ್ಥೆಯೊಂದು ಮಧ್ಯಾಹ್ನದ ಹೊತ್ತು ಅದನ್ನು ಕೇಳಿ ಪಡೆದಿತ್ತು. ಕಲಿಸಲು ಬರುತ್ತಿದ್ದವಳು ಸುವರ್ಣಾ. ನಿಮ್ಮ ಕೈಗೆ ಯಾವುದು ಗೊತ್ತೋ ಅದನ್ನೇ ಆಡಿ ತೋರಿಸಿ ಎಂದು ಅವಳು ಹೇಳಿದ್ದಕ್ಕೆ ಗುರಮ್ಮ ಕಬ್ಬಿಗೆ ಬಾಗಿದ್ದಳು.

ಗುರಮ್ಮನ ಜೊತೆ ಅದೇ ಗೌಡರ ಹೊಲದಲ್ಲಿ ಆಯುಷ್ಯವೆಲ್ಲ ಕಬ್ಬಿನ ಹೊರೆ ಕಟ್ಟಿದ ಜೈತುನಬಿ ಗೋಡೆಗೊರಗಿ ಕುಳಿತಿದ್ದಳು. ಅವಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ.

"ಯಾಕೋ ತಮ್ಮಾ, ನಿಮ್ಮಪ್ಪ ಇಕಿಗಿಂತ ದೊಡ್ಡಾಂವ. ಅಂವ ಭಾಷಣ ಮಾಡಿದ್ರ ನಡಿತದ, ಇಕಿ ಆಟ ಆಡಿದ್ರ ನಡ್ಯಾಂಗಿಲ್ಲೇನು?"

"ಬಾಯಿ ಮುಚ್ಚ್ ಬೇ ಜೈತುನ್. ಅಪ್ಪಾಜಿ ಹಿರ್ಯಾರು. ಇಕಿ ಮುದುಕಿ."

"ಖರೆ ಅದ ಬಿಡು. ನಿಮ್ಮವ್ರ ಹಲ್ಲು ಬಿದ್ರ ಬಂಗಾರದ್ದು ಕೂಡಸ್ತೀರಿ. ನಮ್ಮವು ಬಿದ್ರ ಊರೆಲ್ಲಾ ಹಲ್ಲು ಕಿಸೀತದ."

ಮಹೇಶಕುಮಾರ ಉಗುಳಿ ಹೋದ. ಸುವರ್ಣಾ ಗುರಮ್ಮನ ಹತ್ತಿರ ಬಂದು ಕೇಳಿದಳು:

"ಆಯಿ, ಕಡಿಯುವಾಗ ಎಡಕ್ಕ ತಿರುಗಿ ಏನ್ ನೋಡ್ತೀರಿ?"

"ನೋಡಂಗಿಲ್ಲ ಯವ್ವಾ. ಕೇಳ್ತೇನಿ."

ಜೈತುನಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳೊಬ್ಬಳಿಗೆ ಗೊತ್ತಿತ್ತು.

"ಬದುವಿನ ಮ್ಯಾಲ ಜಾಲಿ ಗಿಡ ಇತ್ತು, ಎಡಕ್ಕ," ಎಂದಳು ಗುರಮ್ಮ. "ಸೀರಿ ಜೋಳಿಗಿ ಕಟ್ಟಿ ಕೂಸಿನ್ನ ಹಾಕಿದ್ದೆ. ಲಾರಿ ತುಂಬೋ ತನಕ ಯಾಕೀನೂ ಸೊಂಟ ನೆಟ್ಟಗ ಮಾಡಬ್ಯಾಡ್ರಿ ಅಂತ ಗೌಡ ಬಡಿಗಿ ಹಿಡದು ನಿಂತಿದ್ದ. ಕೂಸು ಅತ್ತು. ಮಲಿ ತುಂಬಿ ಕುಬ್ಸ ತೊಯ್ತು. ಗೌಡ್ರ, ಕುಡಿಸಿ ಬರ್ತೇನ್ರಿ ಅಂದೆ. ಅಳಲಿ ಬಿಡು, ನಿಮ್ಮಂಥವ್ರ ಮಕ್ಕಳು ಸಾಯಂಗಿಲ್ಲ ಅಂದ. ಕಡಿಕೋತ, ಕೇಳಕೋತ ಹೋದೆ. ಆಮ್ಯಾಲ ಅಳೂದು ನಿಂತು." ಅವಳು ತನ್ನ ಅಂಗೈ ನೋಡಿಕೊಂಡಳು. "ಅಳೂದು ನಿಂತಾಗ ಜೀವಕ್ಕ ಹಗೂರಾತು ಯವ್ವಾ. ಮಲಕೊಂತು ಅಂತ ತಿಳದು ಇನ್ನಷ್ಟು ಜೋರ ಕಡದೆ."



"ಆಯಿ," ಎಂದಳು ಸುವರ್ಣಾ, "ನಾಟಕದಾಗ ನೀವು ಕೊಯ್ತಾ ಕೆಳಗಿಟ್ಟು ಕೂಸಿನ ಕಡೆ ಹೋಗಬಹುದು."

"ಹೋಗಬಹುದಾ? ಗೌಡ ನಿಂತಾಗ?"

"ನಿಂತಾಗ."

ಜೈತುನಬಿ ತನ್ನ ಹಳೆಯ ಸೀರೆ ಹರಿದು ಸುತ್ತಿ ಒಂದು ಕೂಸು ಮಾಡಿದಳು. ಜೊತೆಗೆ ಕಲಿಯುತ್ತಿದ್ದ ಮುದುಕನೊಬ್ಬ ಬಡಿಗೆ ಹಿಡಿದು ಗೌಡನಾಗಿ ನಿಂತ. ಮೊದಮೊದಲು ಗುರಮ್ಮನ ಕಾಲು ಏಳಲಿಲ್ಲ. ಆ ಜಾಗಕ್ಕೆ ಬಂದಾಗಲೆಲ್ಲ ಅವಳು ಬಾಗಿ ಕಡಿಯುತ್ತಲೇ ಇರುತ್ತಿದ್ದಳು. "ಇಡ ಬೇ, ಕೊಯ್ತಾ ಇಡ! ಈ ಗೌಡ ಸುಳ್ಳ ಗೌಡ!" ಎಂದು ಜೈತುನಬಿ ಕೂಗುತ್ತಿದ್ದಳು. ಕೊನೆಗೊಂದು ಮಧ್ಯಾಹ್ನ ಗುರಮ್ಮ ನೆಟ್ಟಗೆ ನಿಂತಳು. "ಗೌಡ್ರ, ನನ್ನ ಕೂಸು ಅಳಾಕತ್ತದ. ನಾ ಹೋಗ್ತೇನಿ," ಎಂದು ನಡೆದು ಹೋಗಿ ಬಟ್ಟೆಯ ಗಂಟನ್ನು ಎತ್ತಿ ಎದೆಗೆ ಅವಚಿಕೊಂಡಳು. ಅಂದು ಮನೆಗೆ ಹೋಗುವ ದಾರಿಯಲ್ಲಿ ಅವಳ ಕೊರಳು ಹೊರಳಲಿಲ್ಲವೆಂದು ಜೈತುನಬಿ ಈಗಲೂ ಹೇಳುತ್ತಾಳೆ.

'ನಾ ಹೋಗ್ತೇನಿ' ಎಂಬ ತನ್ನ ಆ ಮಾತನ್ನು ಪ್ರದರ್ಶನದ ದಿನ ಮಲ್ಲಣ್ಣಗೌಡರು ಕೂತು ಕೇಳಬೇಕು. ಗುರಮ್ಮ ಬೇರೇನನ್ನೂ ಬೇಡಲಿಲ್ಲ.

ಪ್ರದರ್ಶನಕ್ಕೆ ಮುನ್ನ ಗೌಡರು ತಾಲೀಮು ನೋಡಲು ಬಂದರು. ಹಣೆಯ ತುಂಬ ವಿಭೂತಿ, ಮೆಲುದನಿ. ಪೂರ್ತಿ ನೋಡಿದರು.

"ಸುವರ್ಣಾಬಾಯಿ, ಈ ಮುದುಕೀದು ತಲಿ ಸರಿ ಇಲ್ರಿ. ವಯಸ್ಸಾದ ಮ್ಯಾಲ ಎಲ್ಲಾ ಕಲಸಿ ಹೋಗ್ತದ. ಯಾರದೋ ಕೂಸು, ಯಾರದೋ ಹೊಲ. ತನ್ನದಂತ ತಿಳದಾಳ."

"ನನ್ನ ಕೂಸ್ರಿ ಗೌಡ್ರ," ಎಂದಳು ಗುರಮ್ಮ. "ನಿಮ್ಮ ಬದುವಿನ ಮ್ಯಾಲ."

"ನೋಡ್ರಿ, ಮತ್ತ ಸುರು ಆತು. ಪಾಪ." ಗೌಡರು ಏಳುತ್ತ ಮಗನ ಕಡೆ ತಿರುಗಿದರು. "ಕಾಲೇಜಿನ ಆ ವಿದ್ಯಾವತಿ ಇದ್ದಾಳಲ್ಲ, ಇಕಿ ಪಾರ್ಟ ಅಕಿ ಛಂದ ಮಾಡ್ತಾಳ. ಗೌಡ ಹಾಲು ತಂದು ಕುಡಿಸಿದಾಂಗ ತೋರಸ್ರಿ. ಹಿರ್ಯಾರಿಗೆಲ್ಲಾ ಮುಂದ ಕುರ್ಚಿ ಹಾಕಿ ಶಾಲು ಹೊಚ್ಚಸ್ರಿ."

"ಸರ್, ಇದು ಅವರ ನಾಟಕ," ಎಂದಳು ಸುವರ್ಣಾ.

"ಭವನ ನಮ್ದವ್ವಾ. ಬ್ಯಾಡಂದ್ರ ಬೀದ್ಯಾಗ ಮಾಡ್ಕೋರಿ."

ಗುರಮ್ಮ ಸುವರ್ಣಾಳ ಮುಖ ನೋಡಿದಳು. ಸುವರ್ಣಾ ನೆಲ ನೋಡಿದಳು.

ಪ್ರದರ್ಶನದ ದಿನ ಭವನ ತುಂಬಿತ್ತು. ಗುರಮ್ಮ, ಜೈತುನಬಿ ಮತ್ತು ಉಳಿದ ಮುದುಕರು ಹೆಗಲ ಮೇಲೆ ಶಾಲು ಹೊದ್ದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ವೇದಿಕೆಯ ಮೂಲೆಯ ದೊಡ್ಡ ಕುರ್ಚಿಯಲ್ಲಿ ಮಲ್ಲಣ್ಣಗೌಡರು. "ಶರಣು ಶರಣಾರ್ಥಿ" ಎಂದು ಅವರು ಮೊದಲಿಟ್ಟ ಭಾಷಣದಲ್ಲಿ ಹಿರಿಯರನ್ನು ಗೌರವಿಸುವ ಮಾತು ಬಹಳ ಸಲ ಬಂತು.

ವಿದ್ಯಾವತಿ ಗರಿಗರಿ ಸೀರೆಯುಟ್ಟು, ತಲೆಗೆ ಹತ್ತಿ ಅಂಟಿಸಿಕೊಂಡು ಬಂದಳು. ಮೊಲೆಯುಣಿಸುವ ತಾಯಿಗೆ ನರೆಗೂದಲೇಕೆ ಎಂದು ಯಾರೂ ಕೇಳಲಿಲ್ಲ. ಅವಳು ಕಬ್ಬು ಕಡಿಯುತ್ತ ಕೊರಳನ್ನು ಎಡಕ್ಕೆ ಗಡಗಡ ಆಡಿಸಿದಳು. ಸಭೆ ನಕ್ಕಿತು. ಇನ್ನೊಮ್ಮೆ ಆಡಿಸಿದಳು. ಹಿಂದಿನಿಂದ ಯಾರೋ, "ಏ, ಗುರಮ್ಮ! ಥೇಟ ಗುರಮ್ಮ!" ಎಂದು ಕೂಗಿದರು. ಭವನ ಬಿದ್ದು ಬಿದ್ದು ನಕ್ಕಿತು.

ಆಗ ಎಡಗಡೆಯ ಸ್ಪೀಕರಿನಿಂದ, ಎಲ್ಲಿಯೋ ರೆಕಾರ್ಡು ಮಾಡಿ ತಂದ ಒಂದು ಕೂಸಿನ ಅಳು ಕೇಳಿಸಿತು.

ಗುರಮ್ಮನ ಕೊರಳು ಹೊರಳಿತು. ಅವಳು ಎದ್ದಳು. ಶಾಲು ಕುರ್ಚಿಯ ಮೇಲೆ ಉಳಿಯಿತು. ಮೆಟ್ಟಿಲಿಗೆ ಕೈಯೂರಿ ಹತ್ತಿ, ಗೌಡರ ಎದುರು ನೆಟ್ಟಗೆ ನಿಂತಳು.

"ಗೌಡ್ರ, ನನ್ನ ಕೂಸು ಅಳಾಕತ್ತದ. ನಾ ಹೋಗ್ತೇನಿ."

"ಇಳಸ್ರಲೇ ಆ ಹಲ್ಕಟ್ ಮುದುಕೀನ!" ಎಂದ ಮಹೇಶಕುಮಾರ.

ಇದೂ ನಾಟಕವೆಂದು ತಿಳಿದ ಕೆಲವರು ಚಪ್ಪಾಳೆ ತಟ್ಟಿದರು. ಗುರಮ್ಮ ವೇದಿಕೆಯ ಮೇಲೆ ಕಟ್ಟಿದ್ದ ಜೋಳಿಗೆಯಿಂದ ಬಟ್ಟೆಯ ಕೂಸನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತಳು. ಕುಪ್ಪಸದ ಗಂಟು ಬಿಚ್ಚಿ, ಬತ್ತಿ ಜೋತ ಮೊಲೆಗೆ ಅದನ್ನು ಹಿಡಿದಳು. ಚಪ್ಪಾಳೆ ನಿಂತಿತು. ವಿದ್ಯಾವತಿ ತಲೆಯ ಹತ್ತಿಯನ್ನು ಕಿತ್ತು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅಳು ಮಾತ್ರ ಸ್ಪೀಕರಿನಲ್ಲಿ ನಡೆದೇ ಇತ್ತು.

ಮಹೇಶಕುಮಾರ ಓಡಿ ಹೋಗಿ ವೈರು ಕಿತ್ತ.

ಅಳು ನಿಂತಿತು.

ಗುರಮ್ಮ ತಲೆಯೆತ್ತಿ ಕೇಳಿಸಿಕೊಂಡಳು. ಕುಪ್ಪಸ ಕಟ್ಟಿಕೊಂಡು ನಿಧಾನವಾಗಿ ಎದ್ದು, ಗೌಡರ ಕುರ್ಚಿಯ ಹತ್ತಿರ ಬಂದಳು.

"ಅಳೂದು ನಿಂತದ ಗೌಡ್ರ. ಮಲಗಿಲ್ಲ. ಈ ಸಲ ನನಗ ಗೊತ್ತದ." ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಿದಳು. "ತಗೋರಿ. ನೀವಽ ಮಣ್ಣು ಮಾಡ್ರಿ."

ಜೈತುನಬಿ ಎದ್ದಳು. ಅವಳ ಹಿಂದೆ ಉಳಿದವರೂ ಗೋಡೆ ಹಿಡಿದು, ಒಬ್ಬರ ಹೆಗಲೊಬ್ಬರು ಹಿಡಿದು ಎದ್ದರು. ಶಾಲುಗಳು ಕುರ್ಚಿಗಳ ಮೇಲೆ ಬಿದ್ದಿದ್ದವು.

ಮುಂದಿನದನ್ನು ಅಲ್ಲಿದ್ದವರು ಒಂದೇ ಬಗೆಯಾಗಿ ಹೇಳುವುದಿಲ್ಲ. ಗೌಡರು ಗಂಟನ್ನು ಝಾಡಿಸಿ ಒಗೆದರೆಂದು ಕೆಲವರು. ಜನ ಕರಗುವವರೆಗೂ ಕೈ ಎರಡೂ ಮೇಲೆತ್ತಿಕೊಂಡು, ಅದನ್ನು ಮುಟ್ಟದೆ ಕೂತೇ ಇದ್ದರೆಂದು ಹಲವರು. ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ ಎಂಬಲ್ಲಿ ಮಾತ್ರ ಎಲ್ಲರ ಮಾತು ಕೂಡುತ್ತದೆ.

ಗುರಮ್ಮ ಜೈತುನಬಿಯ ಕೈ ಹಿಡಿದು, ಗೌಡರ ಕಬ್ಬಿನ ಹೊಲದ ಮಗ್ಗುಲಿನ ದಾರಿಯಲ್ಲಿ ಮನೆಗೆ ನಡೆದಳು. ದಾರಿಯುದ್ದಕ್ಕೂ ಅವಳ ಕೊರಳು ಎಡಕ್ಕೆ ಹೊರಳುತ್ತಲೇ ಇತ್ತು.